ಸೋಲಾರ್ ವಾಟರ್ ಹೀಟರ್ ಮಾರುವ, ಕೂರಿಸುವ ಕೆಲಸಕ್ಕೆ ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಸುಬಿಗೆ ಬರಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳನ್ನು ಕರ್ನಾಟಕದ ಬಿಸಿಲು, ಇಲ್ಲಿನ ಬೋರ್ ನೀರು, ಇಲ್ಲಿನ ಕರೆಂಟ್ ಬಿಲ್ ಇಟ್ಟುಕೊಂಡೇ ಬರೆದಿದ್ದೇನೆ. ಇಲ್ಲಿ ಹೇಳುತ್ತಿರುವುದು ಸ್ನಾನದ ನೀರು ಕಾಯಿಸುವ ಸೋಲಾರ್ ಬಗ್ಗೆ. ಕರೆಂಟ್ ಉತ್ಪಾದಿಸುವ ಪ್ಯಾನೆಲ್ ಬೇರೆಯದೇ ಕೆಲಸ.

ನಾನು ಓದಿರುವುದು ಪಿಯುಸಿ ಮಾತ್ರ. ಈ ಕೆಲಸಕ್ಕೆ ಬರಬಹುದಾ?

ಧಾರಾಳವಾಗಿ ಬರಬಹುದು. ಇಲ್ಲಿ ಕೆಲಸಕ್ಕೆ ಬರುವುದು ಮೂರು ವಿದ್ಯೆ: ಪ್ಲಂಬಿಂಗ್, ಸ್ವಲ್ಪ ಎಲೆಕ್ಟ್ರಿಕಲ್, ಮತ್ತು ಮನೆಯವರ ಜೊತೆ ಮಾತಾಡುವ ತಾಳ್ಮೆ. ಮೊದಲನೆಯದು ಚೆನ್ನಾಗಿ ಬಂದರೆ ಉಳಿದೆರಡನ್ನು ಕಲಿಯಬಹುದು. ಮಾತು ಚೆನ್ನಾಗಿದ್ದು ಪೈಪ್ ಕೆಲಸ ಬರದವರು ಒಂದು ಸೀಸನ್ ಚೆನ್ನಾಗಿ ಮಾರುತ್ತಾರೆ. ಮುಂದಿನ ಸೀಸನ್‌ನಲ್ಲಿ ಕಂಪ್ಲೇಂಟ್ ಫೋನ್ ಎತ್ತುವುದರಲ್ಲೇ ಅವರ ದಿನ ಹೋಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಲಿ? ನೇರವಾಗಿ ಡೀಲರ್‌ಶಿಪ್ ತಗೊಳ್ಳಲಾ?

ಬೇಡ. ಮೊದಲು ಒಬ್ಬ ಒಳ್ಳೆಯ ಫಿಟ್ಟರ್ ಜೊತೆ ಕೆಲಸಕ್ಕೆ ಹೋಗಿ. ಕನಿಷ್ಠ ಒಂದು ಚಳಿಗಾಲ, ಒಂದು ಮಳೆಗಾಲ. ಹೊಸದು ಕೂರಿಸುವ ಕೆಲಸಕ್ಕಿಂತ ಸರ್ವೀಸ್ ಕೆಲಸಕ್ಕೆ ಜಾಸ್ತಿ ಹೋಗಿ. ಐದಾರು ವರ್ಷ ಹಳೆಯ ಸಿಸ್ಟಂ ಬಿಚ್ಚಿದಾಗಲೇ ಯಾವುದು ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂಬುದು ಕಣ್ಣಿಗೆ ಕಾಣುವುದು. ತುಕ್ಕು ತಿಂದ ಸ್ಟ್ಯಾಂಡ್, ಬಿಸಿಲಿಗೆ ಪುಡಿಪುಡಿಯಾದ ಪೈಪ್ ಹೊದಿಕೆ, ಒಳಗೆ ಸುಣ್ಣ ಕಟ್ಟಿದ ತಾಮ್ರದ ಕೊಳವೆ ಇವನ್ನೆಲ್ಲ ಕೈಯಲ್ಲಿ ಮುಟ್ಟಿ ನೋಡಿದವರು ಮುಂದೆ ಸುಳ್ಳು ಹೇಳಿ ಮಾರುವುದಿಲ್ಲ.

ತರಬೇತಿ ಎಲ್ಲಿ ಸಿಗುತ್ತದೆ?

ಐಟಿಐನ ಪ್ಲಂಬರ್ ಟ್ರೇಡ್ ಒಳ್ಳೆಯ ಬುನಾದಿ. ಸ್ವಂತ ಉದ್ಯೋಗ ಮಾಡಬೇಕೆನ್ನುವ ಹಳ್ಳಿಯ ಯುವಕರಿಗೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ತರಬೇತಿ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಪ್ಲಂಬಿಂಗ್, ವೈರಿಂಗ್ ಬ್ಯಾಚ್ ಯಾವಾಗ ಎಂದು ವಿಚಾರಿಸಿ. ಲೆಕ್ಕ ಇಡುವುದು, ಬ್ಯಾಂಕಿಗೆ ಅರ್ಜಿ ಹಾಕುವುದು ಅಲ್ಲೇ ಹೇಳಿಕೊಡುತ್ತಾರೆ. ಸೂರ್ಯಮಿತ್ರ ಎಂಬ ಕೋರ್ಸ್ ಹೆಸರು ಕೇಳಿ ಇದೇ ಕೆಲಸ ಎಂದುಕೊಳ್ಳಬೇಡಿ, ಅದು ಮುಖ್ಯವಾಗಿ ಕರೆಂಟ್ ಪ್ಯಾನೆಲ್‌ನವರಿಗೆ.

ಗೃಹಜ್ಯೋತಿ ಬಂದ ಮೇಲೆ ಕರೆಂಟೇ ಫ್ರೀ. ಸೋಲಾರ್ ಯಾರು ತಗೋತಾರೆ?

ಗಿರಾಕಿಯೂ ನಿಮ್ಮನ್ನು ಇದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಉತ್ತರ ಬಾಯಲ್ಲೇ ಇರಬೇಕು.

2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ. ಆ ಮನೆಯ 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10 (ತೀರಾ ಕಡಿಮೆ ಬಳಸುವ ಮನೆಗೆ 2024ರಿಂದ ಶೇಕಡಾ 10ರ ಬದಲು 10 ಯೂನಿಟ್). ಅಷ್ಟು ಮಾತ್ರ ಫ್ರೀ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗ ಗೀಸರ್ ಲೆಕ್ಕ ಹಾಕಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 4.7 ಯೂನಿಟ್ ಬೇಕು. ಬಕೆಟ್ ಸ್ನಾನದ ಮನೆಯಲ್ಲಿ ಇದರ ಅರ್ಧವೂ ಆಗಲಿಕ್ಕಿಲ್ಲ. ಶವರ್ ಬಳಸುವ ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಯೂನಿಟ್ ಎಂದರೂ ತಿಂಗಳಿಗೆ 100 ಯೂನಿಟ್ ಬರೀ ನೀರು ಕಾಯಿಸಲಿಕ್ಕೇ ಹೋಗುತ್ತದೆ. ಚಳಿಗಾಲದಲ್ಲಿ 200ರ ಗೆರೆ ದಾಟಿಸುವುದು ಹೆಚ್ಚಾಗಿ ಗೀಸರ್ರೇ.

ಗಿರಾಕಿಯ ಹಳೆಯ ಬಿಲ್ ಕೇಳಿ ತಗೊಳ್ಳಿ. ಅವರೆದುರೇ ಲೆಕ್ಕ ಮಾಡಿ ತೋರಿಸಿ. ಇಬ್ಬರೇ ಇರುವ ಮನೆ, ಬಿಲ್ ಸೊನ್ನೆ, ಗೀಸರ್ ಚೆನ್ನಾಗಿದೆ ಎಂದಾದರೆ ನಿಮಗೆ ಸೋಲಾರ್ ಬೇಕಾಗಿಲ್ಲ ಎಂದು ಹೇಳಿ ಬನ್ನಿ. ಆ ಮನೆಯವರು ನಿಮ್ಮನ್ನು ಮರೆಯುವುದಿಲ್ಲ. ಅವರ ಮಗಳು ಮನೆ ಕಟ್ಟಿಸುವಾಗ ನಿಮಗೇ ಫೋನ್ ಮಾಡುತ್ತಾರೆ.

ಸಬ್ಸಿಡಿ ಇದೆ ಎಂದು ಹೇಳಿ ಮಾರಬಹುದಾ?

ಹೇಳಬೇಡಿ. ವಾಟರ್ ಹೀಟರ್‌ಗೆ ಕೇಂದ್ರ ಸರ್ಕಾರ ಮೊದಲು ಕೊಡುತ್ತಿದ್ದ ಸಬ್ಸಿಡಿ 2014ರಲ್ಲೇ ನಿಂತಿತು. 2024ರ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ತನಕದ ಸಬ್ಸಿಡಿ ಕರೆಂಟ್ ಪ್ಯಾನೆಲ್‌ಗೆ ಮಾತ್ರ. ಎರಡನ್ನೂ ಬೆರೆಸಿ ಹೇಳಿ ಅಡ್ವಾನ್ಸ್ ಇಸ್ಕೊಳ್ಳುವವರಿದ್ದಾರೆ, ಅವರ ಸಾಲಿಗೆ ಸೇರಬೇಡಿ. ಸೋಲಾರ್ ಹೀಟರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಬಹಳ ವರ್ಷಗಳಿಂದ ಕರೆಂಟ್ ದರಪಟ್ಟಿಯಲ್ಲಿದೆ. ಆ ವರ್ಷದ ದರಪಟ್ಟಿ ನೋಡಿಕೊಂಡು ಅಷ್ಟನ್ನು ಹೇಳಿ. ಜಿಎಸ್‌ಟಿ ಮಾತ್ರ ನಿಜಕ್ಕೂ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12 ಇದ್ದದ್ದು 5 ಆಯಿತು.

ಟ್ಯೂಬ್ ಮಾಡೆಲ್ ಒಳ್ಳೆಯದೋ, ಪ್ಲೇಟ್ ಮಾಡೆಲ್ ಒಳ್ಳೆಯದೋ?

ಮನೆ ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಟ್ಯೂಬ್ ಮಾಡೆಲ್‌ನಲ್ಲಿ ಎರಡು ಪದರದ ಗಾಜಿನ ಕೊಳವೆ, ನಡುವೆ ಗಾಳಿ ತೆಗೆದ ಜಾಗ. ಒಳಗೆ ಹೋದ ಶಾಖ ಹೊರಗೆ ಬರುವುದು ಕಡಿಮೆ. ಹಾಗಾಗಿ ಚಳಿಯಲ್ಲೂ, ಮೋಡ ಮುಸುಕಿದ ದಿನದಲ್ಲೂ ಪರವಾಗಿಲ್ಲ ಎನ್ನುವಷ್ಟು ಕಾಯುತ್ತದೆ. ಬೆಲೆ ಕಡಿಮೆ. ಬೋರ್ ನೀರನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಆದರೆ ಗಾಜು ಗಾಜೇ. ಒಂದು ಟ್ಯೂಬ್ ಒಡೆದರೆ ಟ್ಯಾಂಕ್ ನೀರೆಲ್ಲ ತಾರಸಿ ಪಾಲು. ಪ್ಲೇಟ್ ಮಾಡೆಲ್‌ನಲ್ಲಿ ತಾಮ್ರದ ಕೊಳವೆ, ಮೇಲೆ ಗಟ್ಟಿ ಗಾಜು. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ಸಿಹಿನೀರು ಬೇಕು. ಗಡಸು ನೀರಾದರೆ ಸಣ್ಣ ಕೊಳವೆಯೊಳಗೆ ಸುಣ್ಣ ಕಟ್ಟಿ ನೀರು ಓಡಾಡುವುದೇ ನಿಲ್ಲುತ್ತದೆ.

ಕಾವೇರಿ ನೀರು ಬರುವ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ದುಡ್ಡಿದ್ದವರಿಗೆ ಪ್ಲೇಟ್ ಹೇಳಬಹುದು. ಕೋಲಾರ, ಚಿತ್ರದುರ್ಗದ ಕಡೆ ಬರೀ ಬೋರ್ ನೀರಿನ ಮನೆಗೆ ಟ್ಯೂಬ್. ಮಂಗಗಳ ಕಾಟ ಇರುವ ಊರಾದರೆ ಟ್ಯೂಬ್ ಹೇಳುವ ಮೊದಲು ಎರಡು ಸಲ ಯೋಚಿಸಿ. ಯಾವುದಾದರೂ ಐಎಸ್‌ಐ ಗುರುತು ನೋಡಿಯೇ ತರಿಸಿ. ಪ್ಲೇಟ್‌ಗೆ ಐಎಸ್ 12933, ಟ್ಯೂಬ್ ಸಿಸ್ಟಂಗೆ ಐಎಸ್ 16544.

ಎಷ್ಟು ಲೀಟರ್ ಎಂದು ಹೇಗೆ ಹೇಳುವುದು?

ಮೂರು ನಾಲ್ಕು ಜನ, ಬಕೆಟ್ ಸ್ನಾನ: 100 ಲೀಟರ್. ಐದಾರು ಜನ ಅಥವಾ ಎರಡು ಶವರ್: 200. ಟ್ಯಾಂಕಿನ 60 ಡಿಗ್ರಿಯ 100 ಲೀಟರ್‌ಗೆ 20 ಡಿಗ್ರಿಯ 100 ಲೀಟರ್ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹದವಾದ 40 ಡಿಗ್ರಿಯ 200 ಲೀಟರ್ ಆಗುತ್ತದೆ. ಇದನ್ನು ವಿವರಿಸಿದರೆ ಸುಮ್ನೆ ದೊಡ್ಡದು ಬೇಕೆಂದು ಹಟ ಹಿಡಿಯುವವರೂ ಒಪ್ಪುತ್ತಾರೆ. 58 ಮಿಲಿಮೀಟರ್ ದಪ್ಪದ, 1800 ಉದ್ದದ ಟ್ಯೂಬ್ ಆದರೆ 100 ಲೀಟರ್‌ಗೆ ಸುಮಾರು 10 ಇರಬೇಕು. 47 ದಪ್ಪದ, 1500 ಉದ್ದದ ಸಣ್ಣ ಟ್ಯೂಬ್ ಆದರೆ ಸುಮಾರು 15. ಪಕ್ಕದ ಅಂಗಡಿಯವರು ಕಡಿಮೆ ರೇಟ್ ಹೇಳಿದ್ದಾರೆ ಎಂದಾಗ ಮೊದಲು ಎಣಿಸಬೇಕಾದ್ದು ಇದನ್ನೇ.

ಮನೆ ನೋಡಲು ಹೋದಾಗ ಏನೇನು ನೋಡಬೇಕು?

ಮೊದಲು ತಾರಸಿಗೆ ಹೋಗಿ. ಮಾತುಕತೆ, ಕಾಫಿ ಆಮೇಲೆ.

ದಕ್ಷಿಣ ಯಾವ ಕಡೆ ಎಂದು ಮೊಬೈಲ್ ದಿಕ್ಸೂಚಿಯಲ್ಲಿ ನೋಡಿ. ಟ್ಯೂಬ್ ಅಥವಾ ಪ್ಲೇಟಿನ ಮುಖ ಆ ಕಡೆ ಇರಬೇಕು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಬೀಳಬಾರದು. ನೆರಳಿನ ವಿಷಯದಲ್ಲಿ ಹೊಸಬರು ಮೋಸ ಹೋಗುತ್ತಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಹೋಗಿ ನೋಡಿದರೆ ದಕ್ಷಿಣದ ಪಕ್ಕದ ಮನೆಯ ನೆರಳು ಎಲ್ಲೂ ಕಾಣುವುದಿಲ್ಲ. ಅದೇ ಜಾಗಕ್ಕೆ ಡಿಸೆಂಬರ್‌ನಲ್ಲಿ, ಬಿಸಿನೀರು ಜಾಸ್ತಿ ಬೇಕಾದ ಹೊತ್ತಿಗೆ ಸರಿಯಾಗಿ, ನೆರಳು ಬಂದು ಕೂರುತ್ತದೆ. ದಕ್ಷಿಣಕ್ಕೆ ಖಾಲಿ ಸೈಟ್ ಇದ್ದರೆ ಮುಂದೆ ಅಲ್ಲಿ ಮನೆ ಏಳುತ್ತದೆಯೇ ಎಂದೂ ಕೇಳಿ.

ಆಮೇಲೆ ತಣ್ಣೀರಿನ ಟ್ಯಾಂಕ್ ಎತ್ತರ. ಸಿಂಟೆಕ್ಸ್‌ನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಸೋಲಾರ್ ಟ್ಯಾಂಕ್ ಪೂರ್ತಿ ತುಂಬುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಸಿಂಟೆಕ್ಸ್ ತಾರಸಿಯ ಮೇಲೇ ಕೂತಿರುತ್ತದೆ. ಸ್ಟ್ಯಾಂಡ್ ಕಟ್ಟಿಸುವ ಖರ್ಚನ್ನು ಆಗಲೇ ಹೇಳಿಬಿಡಿ, ಫಿಟ್ಟಿಂಗ್ ದಿನ ಹೇಳಿದರೆ ಜಗಳ ಗ್ಯಾರಂಟಿ.

ಭಾರವನ್ನೂ ಲೆಕ್ಕ ಮಾಡಿ. ದಪ್ಪ ಟ್ಯೂಬ್ ಒಂದರಲ್ಲೇ 3 ಲೀಟರ್ ಹತ್ತಿರ ನೀರು ಹಿಡಿಯುತ್ತದೆ. 200 ಲೀಟರ್ ಸಿಸ್ಟಂ ನೀರು ತುಂಬಿದಾಗ, ಕಬ್ಬಿಣ ಸೇರಿ, 300 ಕೆಜಿ ಆಸುಪಾಸು. ಆರ್‌ಸಿಸಿ ಮೋಲ್ಡಿಂಗ್‌ಗೆ ತೊಂದರೆಯಿಲ್ಲ. ಶೀಟಿನ ಮನೆ, ಹಂಚಿನ ಮನೆಗೆ ಬೇರೆ ಸ್ಟ್ಯಾಂಡ್ ಬೇಕು.

ಕೊನೆಗೆ ಬಚ್ಚಲು ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆಯಿರಿ. ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಇದ್ದರೆ ಅದರೊಳಗೇ ಸುಮಾರು 5 ಲೀಟರ್ ತಣ್ಣಗಾದ ನೀರು ನಿಂತಿರುತ್ತದೆ. ಪ್ರತಿ ಬೆಳಿಗ್ಗೆ ಅಷ್ಟನ್ನು ಬಿಟ್ಟ ಮೇಲೆಯೇ ಬಿಸಿನೀರು. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಆ ನೀರನ್ನು ಬಕೆಟ್‌ನಲ್ಲಿ ಹಿಡಿದಿಡಲು ಹೇಳಿ.

ಫಿಟ್ಟಿಂಗ್‌ನಲ್ಲಿ ಹೊಸಬರು ಎಡವುವುದು ಎಲ್ಲಿ?

ಟ್ಯೂಬ್ ಹಾಕುವ ಹೊತ್ತಿನಲ್ಲಿ. ನಡುಹಗಲಲ್ಲಿ ಖಾಲಿ ಟ್ಯೂಬ್‌ಗಳನ್ನು ಜೋಡಿಸಿ, ಊಟ ಮುಗಿಸಿ ಬಂದು ತಣ್ಣೀರು ಬಿಟ್ಟರೆ ಕಾದ ಗಾಜು ಪಟಪಟನೆ ಸೀಳುತ್ತದೆ. ಬೆಳಿಗ್ಗೆ ಬೇಗ ಅಥವಾ ಬಿಸಿಲು ಇಳಿದ ಮೇಲೆ ನೀರು ತುಂಬಿಸಿ. ಅಲ್ಲಿಯವರೆಗೆ ಟ್ಯೂಬ್ ಮೇಲೆ ಬಟ್ಟೆಯೋ ರಟ್ಟಿನ ಪೆಟ್ಟಿಗೆಯೋ ಮುಚ್ಚಿಡಿ. ಹಾಕುವಾಗ ಟ್ಯಾಂಕಿನ ರಬ್ಬರ್ ರಿಂಗ್‌ಗೆ ಸೋಪಿನ ನೀರು ಸವರಿ, ಟ್ಯೂಬನ್ನು ತಿರುಗಿಸುತ್ತಾ ಒಳಗೆ ತಳ್ಳಬೇಕು. ನೇರ ಗುದ್ದಿದರೆ ರಿಂಗ್ ಮಡಚಿಕೊಂಡು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ. ಪ್ರತಿ ಟ್ಯೂಬಿನ ತುದಿಯಲ್ಲಿ ಬೆಳ್ಳಿಯಂಥ ಹೊಳಪು ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದು ಅರ್ಥ. ಅಂಥ ಟ್ಯೂಬ್ ಕಾಯುವುದಿಲ್ಲ, ಅಲ್ಲೇ ಪಕ್ಕಕ್ಕಿಡಿ.

ಇನ್ನೊಂದು ಏರ್ ಪೈಪ್. ಟ್ಯಾಂಕಿನ ಮೇಲಿಂದ ಹೊರಡುವ ಈ ಪೈಪ್ ಸಿಂಟೆಕ್ಸ್‌ನ ನೀರಿನ ಮಟ್ಟಕ್ಕಿಂತ ಮೇಲೆ ಹೋಗಿ ಬಾಯಿ ತೆರೆದಿರಬೇಕು. ಗಿಡ್ಡ ಮಾಡಿದರೆ ಹಗಲಿರುಳು ನೀರು ಚೆಲ್ಲುತ್ತದೆ. ಚೆಲ್ಲುತ್ತದೆಂದು ಯಾರಾದರೂ ಕ್ಯಾಪ್ ಹಾಕಿದರೆ ಇನ್ನೂ ಕೆಟ್ಟದ್ದು. ಬಿಸಿಯಾದಾಗ ಒತ್ತಡ ಹೊರಹೋಗಲು ದಾರಿ ಇರುವುದಿಲ್ಲ, ನೀರು ಖಾಲಿಯಾದಾಗ ಗಾಳಿ ಒಳಬರಲು ದಾರಿ ಇರುವುದಿಲ್ಲ. ಒಳಗಿನ ಟ್ಯಾಂಕ್ ಸೊಟ್ಟಗಾಗಿ ಕುಸಿಯುವುದು ಹೀಗೆಯೇ. ಇದಕ್ಕೆ ಕಂಪನಿ ವಾರಂಟಿ ಕೊಡುವುದಿಲ್ಲ. ಏರ್ ಪೈಪ್‌ಗೆ ಕ್ಯಾಪ್ ಹಾಕಬಾರದು ಎಂದು ಬಿಲ್ ಮೇಲೇ ಬರೆದುಕೊಡಿ.

ಸೋಲಾರ್‌ಗೆ ಹೋಗುವ ತಣ್ಣೀರಿನ ಲೈನ್ ಸಿಂಟೆಕ್ಸ್‌ನಿಂದ ನೇರ ಬರಬೇಕು. ಬಚ್ಚಲಿಗೆ ಇಳಿಯುವ ಲೈನ್‌ಗೆ ಟೀ ಜಾಯಿಂಟ್ ಹಾಕಿ ಎಳೆಯುವುದು ಸುಲಭ. ಆದರೆ ಸಿಂಟೆಕ್ಸ್ ಖಾಲಿಯಾದ ದಿನ ಕಾದ ನೀರು ಹಿಂದಕ್ಕೆ ಹರಿದು ತಣ್ಣೀರಿನ ನಲ್ಲಿಯಲ್ಲಿ ಬರುತ್ತದೆ. ನೇರ ಲೈನ್ ಎಳೆದು, ಒಂದು ಗೇಟ್ ವಾಲ್ವ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಒಂದು ಎನ್‌ಆರ್‌ವಿ ವಾಲ್ವ್ ಹಾಕಿ. ಬಿಸಿನೀರಿಗೆ ಶಾಖ ತಡೆಯುವ ಸಿಪಿವಿಸಿ ಪೈಪೇ ಆಗಬೇಕು, ಸಾದಾ ಪಿವಿಸಿ ಸೊರಗಿ ಬಾಗುತ್ತದೆ. ಹೊರಗಿರುವ ಪೈಪ್‌ಗೆಲ್ಲ ಹೊದಿಕೆ ಸುತ್ತಿ.

ಸ್ಟ್ಯಾಂಡ್‌ನ ಕಾಲು ಹಿಡಿಸಲು ವಾಟರ್‌ಪ್ರೂಫಿಂಗ್ ಮಾಡಿದ ತಾರಸಿಗೆ ಡ್ರಿಲ್ ಹಾಕಬೇಡಿ. ಸಿಮೆಂಟ್ ದಿಮ್ಮಿ ಕಟ್ಟಿ ಅದಕ್ಕೆ ಬಿಗಿಯಿರಿ. ಟ್ಯಾಂಕನ್ನು ರಸಮಟ್ಟ ಇಟ್ಟು ಕೂರಿಸಿ.

ಬಿಸಿನೀರು ಬರ್ತಿಲ್ಲ ಎಂದು ಫೋನ್ ಬಂದರೆ?

ಅರ್ಧಕ್ಕರ್ಧ ಸಲ ತೊಂದರೆ ತಾರಸಿ ಮೇಲೆ ಇರುವುದಿಲ್ಲ, ಬಚ್ಚಲಲ್ಲೇ ಇರುತ್ತದೆ. ಮಿಕ್ಸರ್ ನಲ್ಲಿಯ ಎರಡೂ ಕಡೆ ತೆರೆದಿಟ್ಟು ಶವರ್ ತುದಿಯಲ್ಲಿ ಮಾತ್ರ ಬಂದ್ ಮಾಡಿದ್ದರೆ, ತಣ್ಣೀರು ಮೆಲ್ಲಗೆ ಬಿಸಿನೀರಿನ ಲೈನ್‌ಗೆ ನುಗ್ಗುತ್ತದೆ. ಪತ್ತೆ ಹಚ್ಚುವುದು ಸುಲಭ. ಸೋಲಾರ್‌ಗೆ ಹೋಗುವ ಗೇಟ್ ವಾಲ್ವ್ ಬಂದ್ ಮಾಡಿ, ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ಬಿಡಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ತಣ್ಣಗೆ ಬರುತ್ತಲೇ ಇದ್ದರೆ ಎಲ್ಲೋ ಎರಡು ಲೈನ್ ಕೂಡಿವೆ. ಒಂದೊಂದೇ ಮಿಕ್ಸರ್ ಬಂದ್ ಮಾಡುತ್ತಾ ಹೋಗಿ, ಸಿಕ್ಕಿಬೀಳುತ್ತದೆ. ಇಲ್ಲೇನೂ ಸಿಗದಿದ್ದರೆ ತಾರಸಿ ಹತ್ತಿ: ಧೂಳು, ನೆರಳು, ಬೆಳ್ಳಗಾದ ಟ್ಯೂಬ್, ಗಾಳಿ ಕಟ್ಟಿದ ಪೈಪ್.

ಫೋನ್ ಬಂದ ದಿನ ಅಥವಾ ಮರುದಿನ ಹೋಗಿ. ಡಿಸೆಂಬರ್ ಚಳಿಯಲ್ಲಿ ಮನೆಯಲ್ಲಿ ವಯಸ್ಸಾದವರು, ಎಳೆ ಮಗು ಇದ್ದಾಗ ಮೂರು ದಿನ ಕಾಯಿಸಿದ ಫಿಟ್ಟರ್‌ನನ್ನು ಆ ಬೀದಿಯೇ ನೆನಪಿಟ್ಟುಕೊಳ್ಳುತ್ತದೆ. ಈ ಕಸುಬಿನಲ್ಲಿ ಹೆಸರು ಬರುವುದೂ ಹೋಗುವುದೂ ಸರ್ವೀಸ್‌ನಲ್ಲೇ.

ಬೋರ್ ನೀರಿನ ಮನೆಗೆ ಏನು ಹೇಳಬೇಕು?

ವರ್ಷಕ್ಕೊಮ್ಮೆ ಸುಣ್ಣ ತೆಗೆಸಬೇಕಾಗುತ್ತದೆ ಎಂದು ಮಾರುವ ದಿನವೇ ಹೇಳಿ. ಉಪ್ಪಿನಂಶ ಜಾಸ್ತಿ ಇದ್ದರೆ ಸ್ಟೀಲ್ ಟ್ಯಾಂಕ್ ಕೂಡ ಬೆಸುಗೆಯ ಹತ್ತಿರ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಒಳಗೆ ಗಾಜಿನ ಲೇಪ ಇರುವ ಟ್ಯಾಂಕ್ ಇಂಥಲ್ಲಿ ಬಾಳುತ್ತದೆ. ಅದರೊಳಗಿನ ಮೆಗ್ನೀಷಿಯಂ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯುತ್ತದೆ. ಅದನ್ನು ಆಗಾಗ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಬೇಕು. ಈ ಕಡ್ಡಿ ಒಂದಿದೆ ಎಂಬುದೇ ಎಷ್ಟೋ ಗಿರಾಕಿಗಳಿಗೆ ಯಾರೂ ಹೇಳಿರುವುದಿಲ್ಲ.

ಮಳೆಗಾಲಕ್ಕೆ ಟ್ಯಾಂಕಿನೊಳಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಹಾಕಿಕೊಡಬಹುದಾ?

ಹಾಕಬಹುದು. ಆದರೆ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ಥಿಂಗ್, ನೀರು ಸಾಕಷ್ಟು ಕಾದಾಗ ಆಫ್ ಮಾಡುವ ಥರ್ಮೋಸ್ಟಾಟ್, ಕರೆಂಟ್ ಮಿತಿಮೀರಿದಾಗ ತಾನೇ ಬಂದ್ ಆಗುವ ಸರಿಯಾದ ಎಂಸಿಬಿ ಸ್ವಿಚ್ ಮೂರೂ ಇಲ್ಲದೆ ಕಾಯಿಲ್ ಆನ್ ಮಾಡಬೇಡಿ. ಇಲ್ಲಿ ತಪ್ಪಾದರೆ ಜೀವ ಹೋಗುತ್ತದೆ.

ಮಲೆನಾಡು, ಕರಾವಳಿ ಕಡೆ ವ್ಯಾಪಾರ ಆಗುತ್ತದಾ?

ಆಗುತ್ತದೆ. ಆದರೆ ಬಯಲುಸೀಮೆಯ ಮಾತು ಅಲ್ಲಿ ನಡೆಯುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರಿನ ಮಳೆ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಡೆ ಒಲೆಯೇ ಗಟ್ಟಿ. ಅಡಿಕೆ ಸಿಪ್ಪೆ, ಒಣ ಸೌದೆ ಮನೆಯಲ್ಲೇ ಇರುತ್ತದೆ. ಹಂಡೆ ತೆಗೆಸಿ ಎನ್ನಬೇಡಿ. ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್, ಮಳೆಯಲ್ಲಿ ಹಂಡೆ ಎಂದರೆ ಅವರಿಗೂ ಒಪ್ಪಿಗೆ, ನಿಮಗೂ ಆಮೇಲೆ ಬೈಗುಳ ಇಲ್ಲ. ಕರಾವಳಿಯಲ್ಲಿ ಉಪ್ಪುಗಾಳಿ ಸ್ಟ್ಯಾಂಡನ್ನು ಬೇಗ ತಿನ್ನುತ್ತದೆ. ಬರೀ ಪೇಂಟ್ ಹೊಡೆದದ್ದು ಬೇಡ, ಗ್ಯಾಲ್ವನೈಸ್ ಮಾಡಿದ್ದೇ ತರಿಸಿ.

ಯಾವ ತಿಂಗಳು ವ್ಯಾಪಾರ ಜೋರು?

ಚಳಿ ಶುರುವಾಗುತ್ತಿದ್ದಂತೆ, ದಸರಾ ಕಳೆದು ಸಂಕ್ರಾಂತಿವರೆಗೆ. ಹೊಸ ಮನೆಗಳ ಆರ್ಡರ್ ಮಾತ್ರ ಗೃಹಪ್ರವೇಶದ ಮುಹೂರ್ತ ನೋಡಿಕೊಂಡು ಬರುತ್ತದೆ. ಮಾಘ, ವೈಶಾಖದಲ್ಲಿ ಒಂದೇ ವಾರಕ್ಕೆ ನಾಲ್ಕು ಮನೆಯವರು ಅರ್ಜೆಂಟ್ ಅಂತಾರೆ. ಆಷಾಢ, ಧನುರ್ಮಾಸದಲ್ಲಿ ಗೃಹಪ್ರವೇಶ ಇಲ್ಲ. ಆಷಾಢದ ಖಾಲಿ ದಿನಗಳಲ್ಲಿ ಹಳೆಯ ಗಿರಾಕಿಗಳ ಮನೆಗೆ ಹೋಗಿ ಟ್ಯೂಬ್ ಒರೆಸಿ, ಸುಣ್ಣ ತೆಗೆದು, ರಿಂಗ್ ಬದಲಿಸಿ ಬನ್ನಿ. ವರ್ಷದ ಸರ್ವೀಸ್ ಕರಾರು ಮಾಡಿಕೊಂಡಿದ್ದರೆ ಆ ತಿಂಗಳ ಬಾಡಿಗೆ ಅದರಲ್ಲೇ ಹುಟ್ಟುತ್ತದೆ.

ಬಂಡವಾಳ, ಸಾಲ, ಜಿಎಸ್‌ಟಿ?

ಫಿಟ್ಟಿಂಗ್ ಮಾತ್ರ ಮಾಡುವುದಾದರೆ ಟೂಲ್ಸ್, ಹಗ್ಗ, ಏಣಿ, ಒಂದು ಬೈಕ್ ಸಾಕು. ಮಾಲು ಇಟ್ಟು ಮಾರುವುದಾದರೆ ಮುದ್ರಾ ಸಾಲ ನೋಡಿ. ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶ ಇದೆ. ನೀವು ಯಾರು, ಹಳ್ಳಿಯೋ ಪೇಟೆಯೋ ಎಂಬುದರ ಮೇಲೆ ಶೇಕಡಾ 15ರಿಂದ 35ರವರೆಗೆ ಸಹಾಯಧನ. ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಫಿಟ್ಟಿಂಗ್ ಸೇವೆಯೂ ಸೇರಿದರೆ 20 ಲಕ್ಷ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಮೊದಲ ವಾರವೇ ಮಾಡಿಸಿಕೊಳ್ಳಿ.

ಸಾಲಕ್ಕಿಂತ ಜಾಸ್ತಿ ಜನರನ್ನು ಮುಳುಗಿಸಿರುವುದು ಬಾಕಿ. ಕಾಂಟ್ರಾಕ್ಟರ್ ಹತ್ತು ಮನೆ ಕೊಡುತ್ತೇನೆ, ದುಡ್ಡು ಆಮೇಲೆ ಎಂದರೆ ಒಂದು ಮನೆ ಮಾಡಿಕೊಟ್ಟು ದುಡ್ಡು ಬಂದ ಮೇಲೆ ಎರಡನೆಯದಕ್ಕೆ ಕೈ ಹಾಕಿ. ಆರ್ಡರ್‌ಗೆ ಅರ್ಧ, ಬಿಸಿನೀರು ತೋರಿಸಿದ ದಿನ ಉಳಿದದ್ದು.

ಗಿರಾಕಿಗಳನ್ನು ಎಲ್ಲಿ ಹುಡುಕಲಿ?

ಮೋಲ್ಡಿಂಗ್ ಬಿದ್ದ ಮನೆಗಳಲ್ಲಿ. ಗೋಡೆ ಪ್ಲಾಸ್ಟರ್ ಆಗುವ ಮೊದಲೇ ಹೋದರೆ ಬಿಸಿನೀರಿನ ಲೈನ್ ನಿಮಗೆ ಬೇಕಾದ ಹಾಗೆ ಒಳಗೇ ಎಳೆಸಬಹುದು. ಊರಿನ ಪ್ಲಂಬರ್, ಮೇಸ್ತ್ರಿಗಳ ಜೊತೆ ಚೆನ್ನಾಗಿರಿ. ಅವರಿಗೆ ಕಮಿಷನ್ ಕೊಡುವುದು ರೂಢಿ. ಅದನ್ನು ಟ್ಯೂಬಿನ ಸಂಖ್ಯೆಯಲ್ಲೋ ಪೈಪ್ ಗುಣಮಟ್ಟದಲ್ಲೋ ಕಡಿತ ಮಾಡಿ ಕೊಡಬೇಡಿ. ಮನೆಯಲ್ಲಿ ಮಾತಾಡುವಾಗ ಯಜಮಾನರ ಜೊತೆ ಮಾತ್ರ ಮುಗಿಸಬೇಡಿ. ಬೆಳಿಗ್ಗೆ ಎಷ್ಟು ಬಕೆಟ್ ಬೇಕು, ಪಾತ್ರೆ ತೊಳೆಯಲು ಬಿಸಿನೀರು ಬೇಕಾ ಎಂಬುದು ಅಮ್ಮನವರಿಗೇ ಗೊತ್ತಿರುವುದು. ಈ ಮಾರಾಟದ ಕೆಲಸಕ್ಕೆ ಹೆಣ್ಣುಮಕ್ಕಳು ಬಂದಲ್ಲೆಲ್ಲ ಮಾತು ಬೇಗ ಕುದುರುವುದನ್ನು ನೋಡಿದ್ದೇನೆ. ಇನ್ನಷ್ಟು ಜನ ಬರಲಿ ಎಂಬುದು ನನ್ನ ಆಸೆ.

ತಾರಸಿ ಮೇಲೆ ಯಾವುದಕ್ಕೆ ಹುಷಾರಾಗಿರಬೇಕು?

ಟ್ಯಾಂಕನ್ನು ಹಗ್ಗದಲ್ಲಿ ಎಳೆಯುವಾಗ ಕೆಳಗೆ ಯಾರೂ ನಿಲ್ಲಬಾರದು. ಉದ್ದದ ಪೈಪ್ ಎತ್ತುವ ಮೊದಲು ಮನೆ ಪಕ್ಕ ಹಾದುಹೋಗುವ ಕರೆಂಟ್ ತಂತಿ ನೋಡಿ. ಪ್ಯಾರಾಪೆಟ್ ಇಲ್ಲದ ತಾರಸಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಅಂಚಿಗೆ ಹೋಗಬೇಡಿ. ಜೊತೆಗೆ ಬರುವ ಹುಡುಗನಿಗೂ ಹೆಲ್ಮೆಟ್ ಕೊಡಿಸಿ, ಅವನ ಹೆಸರಿಗೂ ಅಪಘಾತ ವಿಮೆ ಮಾಡಿಸಿ.

ಹಳೆಯ ಸಿಸ್ಟಂ ತೆಗೆದು ಹೊಸದು ಹಾಕುವ ಕೆಲಸ ಸಿಗುತ್ತದಾ?

ಮುಂದಿನ ವರ್ಷಗಳಲ್ಲಿ ಇದೇ ದೊಡ್ಡ ಕೆಲಸ ಎಂದು ನನ್ನ ಅಂದಾಜು. 2007ರ ಸುಮಾರಿಗೆ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಎಂಬ ನಿಯಮ ಬಂತು. ಆಗ ಕರೆಂಟ್ ಕನೆಕ್ಷನ್‌ಗಾಗಿ ಹಾಕಿಸಿಕೊಂಡ ಸಿಸ್ಟಂಗಳಿಗೆಲ್ಲ ಈಗ ವಯಸ್ಸಾಗಿದೆ. ಹೋಗಿ ನೋಡಿ, ಎಲ್ಲವನ್ನೂ ಎಸೆಯಬೇಕಾಗಿಲ್ಲ. ಟ್ಯಾಂಕ್ ಚೆನ್ನಾಗಿದ್ದು ಸ್ಟ್ಯಾಂಡ್ ಮಾತ್ರ ಹೋಗಿದ್ದರೆ ಸ್ಟ್ಯಾಂಡ್ ಬದಲಿಸಿ. ಪೂರ್ತಿ ತೆಗೆಯಬೇಕಾದರೆ ಪ್ಲೇಟ್ ಮಾಡೆಲ್‌ನಲ್ಲಿ ತಾಮ್ರ ಇರುತ್ತದೆ, ಅದು ಮನೆಯವರದು. ಅವರೆದುರೇ ತೂಕ ಹಾಕಿಸಿ, ಅವತ್ತಿನ ಗುಜರಿ ರೇಟ್ ಹಿಡಿದು ಹೊಸ ಬಿಲ್‌ನಲ್ಲಿ ಕಳೆದುಕೊಡಿ.